ಭಾಗ್ಯಾನ ಎರಡೂವರೆ ವರ್ಷ

ಎರಡು ಸಾವಿರದ ಐದನೇ ಇಸವಿಯ ಜೂನ್ ಕೊನೆಯ ವಾರ ಪುಣೆಯ ಯೆರವಡಾದ ಅವ್ವಣ್ಣನ ಮನೆಯಲ್ಲಿ ಪೇಢೆ ಹಂಚಿದರು. ಪೇಢೆ ತಿಂದವರ ಬಾಯಿ ಒಣಗುವ ಮೊದಲೇ ಜಗಳ ಶುರುವಾಯಿತು. ಆ ಮನೆಯಲ್ಲಿ ಯಾವ ಸಂತೋಷವೂ ಒಂದು ದಿನಕ್ಕಿಂತ ಹೆಚ್ಚು ಬಾಳಿದ್ದಿಲ್ಲ.

ಪೇಢೆ ಹಂಚಿದ್ದು ಮಗಳು ಭಾಗ್ಯಾ ಹತ್ತನೆಯ ತರಗತಿ ಪಾಸಾದಳೆಂದು. ಐವತ್ತೇಳು ಪರ್ಸೆಂಟು. ಅವ್ವಣ್ಣ ಗೋಡೆ ಕಟ್ಟುವ ಗೌಂಡಿ. ಹೆಂಡತಿ ಮಾನಮ್ಮ ಅವನ ಕೈಗೆ ಇಟ್ಟಿಗೆ, ಕಲಸಿದ ಸಿಮೆಂಟಿನ ಮಾಲು ಹೊತ್ತು ಕೊಡುವವಳು. ಇಪ್ಪತ್ತೊಂದು ವರ್ಷದ ಹಿಂದೆ ಯಾದಗಿರಿ ಕಡೆಯಿಂದ ಅವ್ವಣ್ಣನ ತಾಯಿ ಕಾಶವ್ವನನ್ನೂ ಕಟ್ಟಿಕೊಂಡು ಪುಣೆಗೆ ಬಂದವರು. ಈ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವಳು ಭಾಗ್ಯಾನೇ ಮೊದಲು. ಅವಳ ಹಿಂದೆ ಹನ್ನೆರಡು ವರ್ಷ ಬಿಟ್ಟು ಹುಟ್ಟಿದ ಜೈಭೀಮ ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ.

ಪಕ್ಕದ ಓಣಿಯ ಇಂದೂ ಆಗಲೇ ಸುದ್ದಿ ತಂದಿದ್ದಳು. ನಗರ್ ರೋಡಿನ ಮೇಲೆ ಕರೆಂಟಿನ ಸ್ವಿಚ್ಚು ಮಾಡುವ ಒಂದು ಕಂಪನಿ. ಇಂದೂ ಅಲ್ಲಿ ಪ್ಯಾಕಿಂಗಿನಲ್ಲಿದ್ದಾಳೆ. ಸೋಮವಾರ ಹನ್ನೆರಡು ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಹತ್ತನೆಯದು ಪಾಸಾಗಿರಬೇಕು. ತಿಂಗಳಿಗೆ ಎರಡು ಸಾವಿರದ ಆರುನೂರು, ಪಿಎಫ್, ಭಾನುವಾರ ರಜೆ, ತಲೆಯ ಮೇಲೆ ಫ್ಯಾನು. ಮಾನಮ್ಮ ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟಿದ್ದು ಆ ಫ್ಯಾನಿಗೆ.

ಸೋಮವಾರ ಭಾಗ್ಯಾ ಶಾಲೆಯ ದಾಖಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದಳು. ಗೇಟಿನ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದವನು ಮಾರ್ತಾಂಡ, ಕಂಪನಿಗೆ ಆಳು ಒದಗಿಸುವ ಗುತ್ತಿಗೆದಾರ. ಅವನು ದಾಖಲೆ ಓದಿ, ಬೆರಳು ಎಣಿಸಿ, ಮರಾಠಿಯಲ್ಲಿ ಒಂದೇ ಮಾತು ಹೇಳಿದ: ಹದಿನಾರು ವರ್ಷದವಳಿಗೆ ಇಲ್ಲಿ ಕೆಲಸವಿಲ್ಲ, ಹದಿನೆಂಟು ತುಂಬಿದ ಮೇಲೆ ಬಾ. ಭಾಗ್ಯಾ ದಾಖಲೆಯನ್ನು ಕಿತ್ತುಕೊಂಡು ತಾನೇ ಓದಿದಳು. ಹುಟ್ಟಿದ ದಿನ: 1 ಜೂನ್ 1989. ಹತ್ತು ವರ್ಷ ಶಾಲೆಗೆ ಹೋದವಳು ಆ ಸಾಲನ್ನು ಒಂದು ದಿನವೂ ಗಮನವಿಟ್ಟು ನೋಡಿರಲಿಲ್ಲ. ಅದು ಅವಳ ತಪ್ಪು, ಅದನ್ನು ಒಪ್ಪಲೇಬೇಕು.

ಸಂಜೆ ಗಂಡಹೆಂಡತಿ ಕೆಲಸದಿಂದ ಬಂದು ಕೈಕಾಲು ತೊಳೆದು ಕೂತರು. ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ಪುಂಡಿಪಲ್ಲೆ, ಶೇಂಗಾ ಹಿಂಡಿ. ಭಾಗ್ಯಾ ತಾಟು ಮುಟ್ಟಲಿಲ್ಲ.

"ನನಗ ಹದಿನಾರಂತ," ಎಂದಳು.

"ಯಾರಿಗಿ ಹದಿನಾರು?" ಮಾನಮ್ಮ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. "ಹಡದಾಕಿ ನಾ ಇಲ್ಲೇ ಕುಂತೀನಿ. ಬಿಬವೇವಾಡಿ ಬಿಲ್ಡಿಂಗಿನ ಮೂರನೇ ಸ್ಲ್ಯಾಬ್ ಹಾಕಿದ ದಿನ ಹುಟ್ಟೀದಿ ನೀ. ಡಿಸೆಂಬರ್ ಥಂಡಿ. ಅದೇ ವರುಷ ಯುಗಾದಿ ಪಾಡ್ಯಾಕ ಪಾಯಾ ತೋಡಿದ್ವಿ. ಹದಿನೆಂಟು ತುಂಬಿ ಆರು ತಿಂಗಳಾತು."

"ಇಟ್ಟಂಗಿ ಒಟ್ಟಿದ ಹಿಂದ ಹುಟ್ಟಿತು ಕೂಸು," ಎಂದಳು ಕಾಶವ್ವ. "ಹೊಕ್ಕಳ ಬಳ್ಳಿ ಕೊಯ್ದಾಕಿ ನಾನು."

ಆ ಮನೆಯಲ್ಲಿ ಕ್ಯಾಲೆಂಡರು ಅಂತ ಇದ್ದದ್ದು ಬಿಲ್ಡಿಂಗುಗಳು. ಮದುವೆ ಯಾವಾಗ ಆಯಿತು, ಮಾವ ಯಾವಾಗ ಸತ್ತ ಎಂದು ಕೇಳಿದರೆ ಎಲ್ಲಿ ಪಾಯ ತೋಡಿದ್ದರು, ಎಷ್ಟನೇ ಸ್ಲ್ಯಾಬ್ ಬಿದ್ದಿತ್ತು ಎಂದು ಹೇಳುತ್ತಿದ್ದರು. ಅವರ ಲೆಕ್ಕ ತಪ್ಪಿದ್ದಿಲ್ಲ.

ಅವ್ವಣ್ಣ ಮಾತ್ರ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ.

"ಯಪ್ಪಾ," ಭಾಗ್ಯಾ ಕೇಳಿದಳು, "ಸಾಲಿಗಿ ಹಾಕುವಾಗ ಏನ್ ಬರಿಸಿದ್ದಿ?"

"ಇಂದಾಪುರದಾಗ ಹಾಕಿದ್ದಲ್ಲ…"

"ಎಲ್ಲಿ ಅಂತ ಕೇಳಿಲ್ಲ. ಏನು ಅಂತ ಕೇಳೀನಿ."

"ಎರಡೂವರಿ ವರುಷ ಕಡಿಮಿ ಬರಿಸೀನಿ," ಎಂದ ಅವ್ವಣ್ಣ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎದೆ ಉಬ್ಬಿಸಿ ಮುಂದುವರಿಸಿದ. "ಜಾಣತನ ಮಾಡೀನಿ ನಾ. ನಿನ್ನ ಸಲುವಾಗೇ ಮಾಡೀನಿ."

ಅವನ ಜಾಣತನ ಇಷ್ಟು. ತೊಂಬತ್ತೈದರಲ್ಲಿ ಅವರು ಇಂದಾಪುರದಲ್ಲಿ ಸಕ್ಕರೆ ಕಾರ್ಖಾನೆಯ ನೌಕರರ ಮನೆ ಕಟ್ಟುತ್ತಿದ್ದರು. ಭಾಗ್ಯಾಗೆ ಎಂಟೂವರೆ. ಆಗ ಅಲ್ಲಿದ್ದ ಸರಕಾರಿ ಓವರ್ಸಿಯರ್ ಒಬ್ಬ ರಿಟೈರಾಗುವವನಿದ್ದ. ನಮ್ಮಪ್ಪ ಶಾಲೆಯಲ್ಲಿ ನನ್ನ ವಯಸ್ಸು ಎರಡು ವರ್ಷ ಕಡಿಮೆ ಬರೆಸಿದ್ದರೆ ಇನ್ನೂ ಎರಡು ವರ್ಷ ಪಗಾರ ತಿನ್ನುತ್ತಿದ್ದೆನಲ್ಲ ಎಂದು ಅವನು ದಿನಾ ಹಲುಬುತ್ತಿದ್ದ. ಅವ್ವಣ್ಣ ಅದನ್ನು ಕೇಳಿ ಕೇಳಿ ಮಗಳನ್ನು ಒಂದನೆಯ ತರಗತಿಗೆ ಹಾಕುವ ದಿನ ಆರು ವರ್ಷ ಎಂದು ಹೇಳಿಬಿಟ್ಟ. ಎಂಟು ಎಂದು ಹೇಳಿದ್ದರೂ ಮಾಸ್ತರು ಬೈದು ಸೇರಿಸಿಕೊಳ್ಳುತ್ತಿದ್ದರು.

"ಸರಕಾರಿ ನೌಕರಿ ಹತ್ತಿದರ ಕಡೀಕ ಎರಡೂವರಿ ವರುಷ ಹೆಚ್ಚಿಗಿ ಪಗಾರ," ಎಂದ.

"ಅಯ್ಯ, ನಿನ್ನ ಜಾಣತನಕ್ಕ ಬೆಂಕಿ ಹಚ್ಚ!" ಮಾನಮ್ಮನ ತಾಟು ಸದ್ದಾಯಿತು. "ನೌಕರಿ ಹತ್ತೂದಕ್ಕ ಮೊದಲ ರಿಟೈರಿನ ಚಿಂತಿ! ಕಡೀಕ ಗಳಿಸೂದು ಹೋಗ್ಲಿ, ಈಗ ಬಂದ ಕೆಲಸ ಹೋತಲ್ಲ!"

"ಹೋಗ್ಲಿ ಬಿಡ್ರಿ," ಎಂದಳು ಕಾಶವ್ವ. "ಮದುವಿ ಮಾಡಿ ಕೊಟ್ಟುಬಿಡ್ರಿ."

"ಕಾಗದದಾಗ ಹದಿನಾರು, ಆಯಿ. ಮದುವಿ ಮಾಡಿದರ ಪೋಲೀಸರು ಮೊದಲ ನಿನ್ನೇ ಎಳಕೊಂಡು ಹೋಗ್ತಾರ," ಎಂದು ಭಾಗ್ಯಾ ಎದ್ದು ಹೋದಳು. ಜೈಭೀಮ ಸದ್ದಿಲ್ಲದೆ ಅವಳ ತಾಟಿನ ರೊಟ್ಟಿ ಎಳೆದುಕೊಂಡ.

ಮರುದಿನ ನಲ್ಲಿಯ ಹತ್ತಿರ ಇಂದೂನ ಅಪ್ಪ ಧರ್ಮಣ್ಣ ಸಿಕ್ಕ. ಅವನು ಅದೇ ಕಂಪನಿಯಲ್ಲಿ ಪರ್ಮನೆಂಟ್ ಇದ್ದವನು. ಹತ್ತು ವರ್ಷದ ಹಿಂದೆ ಇಡಿಗಂಟು ಕೊಟ್ಟು ಮನೆಗೆ ಕಳಿಸಿದ್ದರು.

"ನೀ ಯಾಕ ಅಳ್ತಿ, ಅವ್ವಿ? ಅದೇನ್ ಬಂಗಾರದ ನೌಕರಿ ಅಲ್ಲ," ಎಂದ ಧರ್ಮಣ್ಣ ಕೊಡ ತುಂಬುತ್ತ. "ಬಿಡುವಾಗ ನನಗ ಆರು ಸಾವಿರ ಇತ್ತು. ಈಗ ಇಂದೂಗ ಎರಡು ಸಾವಿರದ ಆರನೂರು. ಅದೇ ಮೇಜು, ಅದೇ ಡಬ್ಬಿ. ಎಲ್ಲಾ ತುಟ್ಟಿ ಆತು, ನಮ್ಮ ಕೈ ಒಂದ ಸೋವಿ ಆತು."

"ಹಂಗಾರ ಇಂದೂನ್ನ ಬಿಡಿಸ್ರಿ, ಕಾಕಾ. ಆಕಿ ಜಾಗಾ ನನಗ ಕೊಡಿಸ್ರಿ," ಎಂದಳು ಭಾಗ್ಯಾ.

ಧರ್ಮಣ್ಣ ನಕ್ಕ. ನಕ್ಕು, ವಾರ್ಡ್ ಆಫೀಸಿನಲ್ಲಿ ಸಿದ್ರಾಮಪ್ಪ ಎಂಬ ವಿಜಾಪುರ ಕಡೆಯ ಕ್ಲರ್ಕ್ ಇದ್ದಾರೆ, ನಮ್ಮವರು, ಹೋಗಿ ಕೇಳು ಎಂದ.

ಅವ್ವಣ್ಣ ಒಂದು ದಿನದ ಕೂಲಿ ಬಿಟ್ಟು ಮಗಳ ಜೊತೆ ಹೋದ. ಸಿದ್ರಾಮಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ದವಾಖಾನಿ ಚೀಟಿ ಅದ ಏನು? ಹುಟ್ಟಿದ್ದು ನೋಂದಿಸಿದ್ದು? ಯಾವುದರ ಒಂದು ಲಿಖಿತ ಪುರಾವೆ ತರ್ರಿ," ಎಂದರು.

"ಬಿಲ್ಡಿಂಗ್ ಅದರಿ, ಸಾಹೇಬ್ರ," ಎಂದ ಅವ್ವಣ್ಣ.

ಅಲ್ಲಿಂದ ನೇರವಾಗಿ ಬಿಬವೇವಾಡಿಗೆ ಹೋದರು. ಉಪಾಯ ಭಾಗ್ಯಾನದೇ. ಆ ಬಿಲ್ಡಿಂಗಿನ ಕೆಳಗೆ ಒಂದು ಕಲ್ಲು ಇದೆ, ಅದರ ಮೇಲೆ ತಾರೀಖು ಕೆತ್ತಿದ್ದಾರೆ, ಆ ಕಲ್ಲನ್ನು ಸಿಮೆಂಟು ಹಾಕಿ ಕೂರಿಸಿದವನು ನಾನೇ ಎಂದು ಅವ್ವಣ್ಣ ದಾರಿಯುದ್ದಕ್ಕೂ ಹೇಳಿದ. ಗೇಟಿನಲ್ಲಿ ವಾಚ್‌ಮನ್ ತಡೆದು, ಯಾರ ಮನೆಗೆ ಎಂದು ಮರಾಠಿಯಲ್ಲಿ ಕೇಳಿದ. ಯಾರ ಮನೆಗೂ ಅಲ್ಲ, ಕಲ್ಲು ನೋಡಬೇಕು ಎಂದ ಅವ್ವಣ್ಣ. ಇದನ್ನು ಕಟ್ಟಿದವನು ನಾನೇ ಎಂದೂ ಹೇಳಿದ. ವಾಚ್‌ಮನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಾಗಾದರೆ ಮೂರನೇ ಮಹಡಿಯ ಸೋರುವ ಸಂಡಾಸು ನಿನ್ನದೇ ಕೆಲಸವೋ ಎಂದು ಕೇಳಿದ. ಹದಿನೈದು ನಿಮಿಷ ಗೋಗರೆದ ಮೇಲೆ ಭಾಗ್ಯಾ ಒಬ್ಬಳನ್ನೇ ಒಳಗೆ ಬಿಟ್ಟ.

ಕಲ್ಲು ಇತ್ತು. ಸ್ಕೂಟರುಗಳ ಹಿಂದೆ, ಎಣ್ಣೆಯ ಕಲೆ ಹತ್ತಿಸಿಕೊಂಡು. ಭೂಮಿಪೂಜೆ 1986, ಪ್ರವೇಶ 1987. ಅಧ್ಯಕ್ಷರ ಹೆಸರು, ಇಂಜಿನಿಯರರ ಹೆಸರು, ಕಂತ್ರಾಟುದಾರನ ಹೆಸರು. ಭಾಗ್ಯಾ ಎಲ್ಲವನ್ನೂ ಒಂದು ಅಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮರುದಿನ ಮತ್ತೆ ವಾರ್ಡ್ ಆಫೀಸು. "ಎಂಬತ್ತೇಳರಾಗ ಮಂದಿ ಬಂದು ಇದ್ದಾರ್ರಿ ಈ ಬಿಲ್ಡಿಂಗಿನಾಗ," ಎಂದಳು ಭಾಗ್ಯಾ. "ಇದರ ಮೂರನೇ ಸ್ಲ್ಯಾಬ್ ಹಾಕಿದ ದಿನ ಹುಟ್ಟಿದಾಕಿ ಎಂಬತ್ತೊಂಬತ್ತರಾಗ ಹೆಂಗ ಹುಟ್ಟತೀನ್ರಿ?"

ಸಿದ್ರಾಮಪ್ಪ ಕನ್ನಡಕ ತೆಗೆದರು. ಪಾಪ, ಒಳ್ಳೆಯ ಮನುಷ್ಯ, ಅವರಿಗೂ ನಗು ತಡೆಯಲಿಲ್ಲ. "ಶಾಣ್ಯಾಕಿ ಇದ್ದಿ, ತಂಗಿ. ನಿನ್ನ ಲೆಕ್ಕ ಬರೋಬ್ಬರಿ ಅದ. ಆದರ ಆ ಕಲ್ಲಿನ ಮ್ಯಾಲ ನಿನ್ನ ಹೆಸರು ಎಲ್ಲಿ ಅದ? ನಿಮ್ಮಪ್ಪಂದರ ಅದ ಏನು?" ಎಂದರು. ಮೊದಲು ದಾಖಲಾದ ಶಾಲೆಯ ರಿಜಿಸ್ಟರಿನಲ್ಲಿ ಏನಿದೆ ನೋಡಿ ಬನ್ನಿ, ಅಲ್ಲಿ ಬರೆಯುವಾಗ ತಪ್ಪಾಗಿದ್ದರೆ ಏನಾದರೂ ಮಾಡಬಹುದು ಎಂದೂ ಹೇಳಿದರು.

ಹಾಗಾಗಿ ಅವ್ವಣ್ಣನ ಮೂರನೇ ದಿನದ ಕೂಲಿಯೂ ಹೋಯಿತು. ಸ್ವಾರಗೇಟಿನಿಂದ ಎಸ್.ಟಿ. ಬಸ್ಸು, ಮೂರೂವರೆ ತಾಸು. ಇಂದಾಪುರದ ಹೆಡ್‌ಮಾಸ್ತರರು ಹಳೆಯ ರಿಜಿಸ್ಟರು ತೆಗೆಸಿ, ಧೂಳು ಕೊಡವಿ ತೋರಿಸಿದರು. ಆ ಪುಟದಲ್ಲಿದ್ದ ಇಪ್ಪತ್ತೆರಡು ಮಕ್ಕಳಲ್ಲಿ ಹದಿನೇಳು ಮಂದಿ ಜೂನ್ ಒಂದಕ್ಕೇ ಹುಟ್ಟಿದ್ದರು. ಭಾಗ್ಯಾನ ಸಾಲಿನ ಕೊನೆಗೆ ಅವ್ವಣ್ಣನ ಹೆಬ್ಬೆಟ್ಟು. ಅದರ ಕೆಳಗೆ ಮರಾಠಿಯಲ್ಲಿ, ಪಾಲಕರಿಗೆ ಓದಿ ಹೇಳಿದೆ, ಒಪ್ಪಿದ್ದಾರೆ ಎಂದು ಬರೆದಿತ್ತು.

ಹತ್ತನೆಯ ತರಗತಿ ಮುಗಿದ ಮೇಲೆ ತಮ್ಮ ಕೈಲಿ ಒಂದು ಚುಕ್ಕೆಯನ್ನೂ ಬದಲಿಸಲು ಆಗುವುದಿಲ್ಲ ಎಂದರು ಹೆಡ್‌ಮಾಸ್ತರರು. ಹುಟ್ಟಿದ ದಾಖಲೆ ಇದ್ದರೆ ಕೋರ್ಟಿಗೆ ಹೋಗಬಹುದು. ಆದರೆ ಹುಟ್ಟಿದ ದಾಖಲೆ ಇದ್ದಿದ್ದರೆ ಇವರು ಇಂದಾಪುರಕ್ಕೆ ಯಾಕೆ ಬರುತ್ತಿದ್ದರು?

ಬಸ್ ಸ್ಟ್ಯಾಂಡಿನಲ್ಲಿ ಅವ್ವಣ್ಣ ಎರಡು ಪೇರಲ ಹಣ್ಣು ಕೊಂಡು, ಬಸ್ಸು ಹತ್ತಿ ಕೂತ ಮೇಲೆ ಒಂದನ್ನು ಮಗಳ ಮುಂದೆ ಹಿಡಿದ. ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತು ನೋಡಿ ಎರಡನ್ನೂ ಅವನೇ ತಿಂದ.

ಜುಲೈ ಮೊದಲ ವಾರ ಮಾರ್ತಾಂಡ ಇಂದೂನ ಕೈಲಿ ಹೇಳಿ ಕಳಿಸಿದ: ಹುಡುಗಿ ಚುರುಕಾಗಿದ್ದಾಳೆ, ಬೇಕಾದರೆ ಬರಲಿ. ಹಾಜರಿ ಪುಸ್ತಕದಲ್ಲಿ ಹೆಸರು ಇರುವುದಿಲ್ಲ, ಪಿಎಫ್ ಇಲ್ಲ, ದಿನಕ್ಕೆ ಐವತ್ತು. ಇಂದೂಗೆ ದಿನಕ್ಕೆ ನೂರು ಬೀಳುತ್ತಿತ್ತು.

"ಐವತ್ತಾದರೇನು, ನೆರಳಾಗ ಕುಂತು ಮಾಡೂ ಕೆಲಸ," ಎಂದ ಅವ್ವಣ್ಣ.

"ಕೆಲಸ ಅರ್ಧಾ ಮಾಡಂತಾನೇನು?" ಮಾನಮ್ಮ ಬೇಳೆಯ ಕಲ್ಲು ಆರಿಸುತ್ತ ಕೇಳಿದಳು. "ಇಂದೂನಷ್ಟ ಡಬ್ಬಿ ತುಂಬಬೇಕು, ಇಂದೂನ ಅರ್ಧ ತಗೋಬೇಕು. ಹೆಬ್ಬಟ್ಟ ಒತ್ತೂ ನನಗ ನಮ್ಮ ಸೈಟಿನ ಮುಕಾದಮ ಹುಲಿಗೆಪ್ಪ ದಿನಾ ನೂರು ಕೊಡ್ತಾನ. ಹತ್ತು ವರುಷ ಸಾಲಿ ಕಲ್ತಾಕಿಗಿ ಐವತ್ತೇನು?"

"ಹಂಗಾರ ಬುಟ್ಟಿ ಹೊರಿಸ್ತೀ ಏನು ಆಕಿಗಿ?"

"ಆಕಿ ಬುಟ್ಟಿ ಹೊರಬಾರದು ಅಂತನ ನಾ ಹತ್ತು ವರುಷ ಹೊತ್ತೀನಿ. ನೀ ಅದರಾಗ ಎರಡೂವರಿ ವರುಷ ಕದ್ದಿ!"

"ಸಾಕು ಮಾಡ್ರಿ ಇಬ್ಬರೂ," ಎಂದಳು ಭಾಗ್ಯಾ. "ನಾ ಹೋಗ್ತೀನಿ. ಒಳಗ ಹೊಕ್ಕರ ಮುಂದ ಹೆಸರು ಹಚ್ಚಬಹುದು."

ಒಂಬತ್ತು ದಿನ ಹೋದಳು. ಬೆಳಿಗ್ಗೆ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಇಂದೂನ ಜೊತೆ ಹೋಗಿ, ಇಂದೂನ ಪಕ್ಕದಲ್ಲೇ ಕೂತು ದಿನಕ್ಕೆ ಆರುನೂರು ಡಬ್ಬಿ ತುಂಬಿದಳು. ಇಂದೂ ಐನೂರ ಐವತ್ತು ತುಂಬುತ್ತಿದ್ದಳು. ಮಾನಮ್ಮ ದಿನಾ ರಾತ್ರಿ ಫ್ಯಾನು ತಿರುಗುತ್ತದೆಯೇ ಎಂದು ಕೇಳುತ್ತಿದ್ದಳು. ತಿರುಗುತ್ತದೆ ಎನ್ನುತ್ತಿದ್ದಳು ಮಗಳು.

ಹತ್ತನೆಯ ದಿನ ಯಾರೋ ತಪಾಸಣೆಗೆ ಬರುತ್ತಾರೆಂದು ಮಾರ್ತಾಂಡ ಓಡಿ ಬಂದ. ಪುಸ್ತಕದಲ್ಲಿ ಹೆಸರಿಲ್ಲದ ಆರು ಹುಡುಗಿಯರನ್ನು ಹಿಂದಿನ ಗುಜರಿ ಸಾಮಾನಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ. ಕಿಟಕಿಯಿಲ್ಲ, ನೀರಿಲ್ಲ. ಹನ್ನೊಂದಕ್ಕೆ ಹಾಕಿದ ಚಿಲಕ ತೆಗೆದದ್ದು ನಾಲ್ಕಕ್ಕೆ. ಅವರಲ್ಲೊಬ್ಬಳು ಹನ್ನೆರಡು ವರ್ಷದವಳು. ಅಳುತ್ತ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಸಂಜೆ ಪಗಾರ ಕೊಡುವಾಗ ಮಾರ್ತಾಂಡ, ಐದು ತಾಸು ಕೆಲಸ ಮಾಡಿಲ್ಲ ಎಂದು ಎಲ್ಲರಿಗೂ ಆ ದಿನದ್ದರಲ್ಲಿ ಅರ್ಧ ಮುರಿದ.

ಭಾಗ್ಯಾ ಮನೆಗೆ ಹೋಗಲಿಲ್ಲ. ನೇರವಾಗಿ ತಾಯಿ ಕೆಲಸ ಮಾಡುವ ಬಿಲ್ಡಿಂಗಿಗೆ ಬಂದಳು. ಮಾನಮ್ಮ ಮಾಲಿನ ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದಳು.

"ಯವ್ವಾ, ಇಳಿ."

"ಮಾಲು ಒಣಗ್ತದ. ಏನಾತು ಹೇಳು."

"ಇಳಿ ಅಂದ್ನಲ್ಲ."

ಇಳಿದಳು. ಮಗಳು ಚಿಲಕದ ಕತೆ ಹೇಳಿದಳು. ಮಾನಮ್ಮ ಕೇಳಿಸಿಕೊಂಡು, ಮೇಲೆ ಗೋಡೆ ಕಟ್ಟುತ್ತಿದ್ದ ಗಂಡನ ಕಡೆ ತಿರುಗಿ, ಕೆಳಗಿನಿಂದಲೇ ಅವನ ಏಳು ತಲೆಮಾರಿಗೂ ತಲುಪುವಂತೆ ಬೈದಳು. ಸೈಟಿನವರೆಲ್ಲ ಕೆಲಸ ನಿಲ್ಲಿಸಿ ಕೇಳಿದರು. ಅವ್ವಣ್ಣ ಮಾಲು ಹಚ್ಚುವ ಕರಣಿ ಹಿಡಿದು ನಿಂತೇ ಇದ್ದ.

ಸೋಮವಾರದಿಂದ ಭಾಗ್ಯಾ ತಾಯಿಯ ಹಿಂದೆ ಸೈಟಿಗೆ ಹೊರಟಳು. ಮುಕಾದಮ ಹುಲಿಗೆಪ್ಪ ವಯಸ್ಸು ಕೇಳಲಿಲ್ಲ. ಒಮ್ಮೆಗೆ ಎಷ್ಟು ಇಟ್ಟಿಗೆ ಹೊರುತ್ತೀ ಎಂದು ಕೇಳಿದ. ಎಂಟು ಎಂದಳು. ಹತ್ತು ಹೊರು, ನೂರು ತಗೋ ಎಂದ. ಹತ್ತು ಹೊತ್ತಳು.

ಶನಿವಾರ ಸಂಜೆ ಹುಲಿಗೆಪ್ಪ ಮೂವರ ಕೂಲಿ ಕೊಟ್ಟ. ಗೌಂಡಿಗೆ ದಿನಕ್ಕೆ ಇನ್ನೂರು, ಹೆಂಗಸರಿಗೆ ನೂರು ನೂರು. ರಾತ್ರಿ ಕಾಶವ್ವ ಮೊಟ್ಟೆಯ ಸಾರು ಮಾಡಿದಳು. ಭಾಗ್ಯಾಗೆ ಕುತ್ತಿಗೆ ತಿರುಗುತ್ತಿರಲಿಲ್ಲ. ಜೈಭೀಮನೇ ತಾಟನ್ನು ಅವಳ ತೊಡೆಯ ಮೇಲೆ ತಂದಿಟ್ಟ.

"ನೋಡು, ನೂರಂದರ ಕಂಪನಿ ಪಗಾರಕ್ಕ ಬರೋಬ್ಬರಿ ಆತು," ಎಂದ ಅವ್ವಣ್ಣ. ಮಗಳ ಮನಸ್ಸು ಹಗುರ ಮಾಡಲೆಂದೇ ಹೇಳಿದ್ದು, ಪುಣ್ಯಾತ್ಮ.

"ಮತ್ತ ಸಾಲಿಗಿ ಯಾಕ ಹಾಕಿದ್ದಿ?" ಎಂದಳು ಭಾಗ್ಯಾ. "ಎಂಟು ವರುಷದಾಕಿ ಇದ್ದಾಗನ ಬುಟ್ಟಿ ಕೊಡಬೇಕಿತ್ತು. ಕುತ್ತಿಗಿಗರ ರೂಢಿ ಆಗ್ತಿತ್ತು."

ಮಾನಮ್ಮ ಎದ್ದು ಎಳ್ಳೆಣ್ಣೆ ಬಿಸಿ ಮಾಡಿ ಮಗಳ ಕುತ್ತಿಗೆಗೆ ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ಅವಳೇ ಅತ್ತಳು.

ಮುಂದಿನ ವಾರ ಜೈಭೀಮನನ್ನು ಶಾಲೆಗೆ ಹಾಕಲು ಮೂವರೂ ಹೋದರು. ಮುನಿಸಿಪಾಲಿಟಿ ಶಾಲೆ, ಭಾಗ್ಯಾ ಹತ್ತನೆಯ ತರಗತಿ ಮುಗಿಸಿದ್ದೂ ಅಲ್ಲೇ. ಮುಖ್ಯ ಶಿಕ್ಷಕಿ ಹೆಡ್‌ಬಾಯಿ ಫಾರ್ಮು ಮುಂದಿಟ್ಟುಕೊಂಡು ಹುಟ್ಟಿದ ತಾರೀಖು ಕೇಳಿದರು. ಅವ್ವಣ್ಣ ಗಂಟಲು ಸರಿಮಾಡಿಕೊಂಡ. ಮುರುಕು ಮರಾಠಿಯಲ್ಲಿ, "ಬರೀರಿ ಬಾಯಿ, ಜೂನ್ ಒಂದು, ಎರಡು ಸಾವಿರದ…" ಎಂದು ಶುರುಮಾಡಿಯೇಬಿಟ್ಟ!

ಮಾನಮ್ಮ ಹಣೆ ಹಣೆ ಬಡಿದುಕೊಂಡಳು. "ಏ ಮನಶಾ! ಇಷ್ಟೆಲ್ಲಾ ಆದ ಮ್ಯಾಗೂ!"

"ಅಕಸ್ಮಾತ್ ಇವಗರ ಸರಕಾರಿ ನೌಕರಿ ಹತ್ತಿದರ…"

"ಇವನ ಹೆಸರು ಜೈಭೀಮ ಅಂತ ಯಾಕ ಇಟ್ಟಿ, ಯಪ್ಪಾ?" ಭಾಗ್ಯಾ ಕೇಳಿದಳು. "ಬಾಬಾಸಾಹೇಬರ ಜಯಂತಿ ದಿನ ಹುಟ್ಟ್ಯಾನ ಅಂತ ಇಡೀ ಓಣಿಗಿ ನೀನ ಬುಂದಿ ಹಂಚಿದ್ದಿ. ಓಣಿಯವರಿಗೆಲ್ಲಾ ಗೊತ್ತಿದ್ದ ತಾರೀಖು ಇದು, ಇದನ್ನೂ ಕದೀತೀ ಏನು?"

ಫಾರ್ಮನ್ನು ತನ್ನ ಕಡೆ ಎಳೆದುಕೊಂಡು ಅವಳೇ ತುಂಬಿದಳು. ಉಗುರಿನ ಸಂದಿಯಲ್ಲಿ ಸಿಮೆಂಟು ಇತ್ತು, ಅಕ್ಷರ ಮಾತ್ರ ಮುತ್ತಿನಂತೆ ಬಿದ್ದವು. ಹೆಡ್‌ಬಾಯಿ ಮೆಚ್ಚಿಕೊಂಡು, ಕೆಳಗೆ ಪಾಲಕರ ಸಹಿ ಎಂಬಲ್ಲಿ ನೀನೇ ಹಾಕಿಬಿಡು ಎಂದರು. ಭಾಗ್ಯಾ ಪೆನ್ನು ಇಡುವಷ್ಟರಲ್ಲಿ ಅವರಿಗೇ ಅನುಮಾನ ಬಂತು.

"ಹದಿನೆಂಟು ತುಂಬಿದೆ ತಾನೇ?" ಎಂದು ಮರಾಠಿಯಲ್ಲಿ ಕೇಳಿದರು.

ಭಾಗ್ಯಾ ಅಪ್ಪನ ಮುಖ ನೋಡಿದಳು.

"ತುಂಬ್ಯಾವ್ರಿ, ಬಾಯಿ!" ಅವ್ವಣ್ಣ ಕೂಗಿಯೇಬಿಟ್ಟ. "ತುಂಬಿ ಏಳು ತಿಂಗಳಾತ್ರಿ! ಬೇಕಾದರ ನನ್ನ ಆಣಿ!" ಕನ್ನಡದಲ್ಲಿ ಕೂಗಿದ. ಹೆಡ್‌ಬಾಯಿಗೆ ಅರ್ಥವಾಗಲಿಲ್ಲ. ಅವರು ಹಿಂದಿನ ಕಪಾಟಿನಿಂದ ಹತ್ತನೆಯ ತರಗತಿಯ ಪಟ್ಟಿ ತೆಗೆದು ನೋಡಿ ತಲೆ ಅಲ್ಲಾಡಿಸಿದರು. ಹದಿನಾರು. ತಂದೆಯ ಹೆಬ್ಬೆಟ್ಟೇ ಆಗಬೇಕು.

ಭಾಗ್ಯಾ ಪೆನ್ನು ಕೆಳಗಿಟ್ಟಳು. ಶಾಯಿಯ ಪ್ಯಾಡನ್ನು ಅಪ್ಪನ ಮುಂದೆ ಸರಿಸಿದಳು.

"ತಡಿ," ಎಂದಳು ಅವನು ಕೈ ಚಾಚಿದಾಗ. "ಮೊದಲ ಓದಿ ಹೇಳ್ತೀನಿ. ಕೇಳಿಸ್ಕೊಂಡು ಒತ್ತು. ಹುಡುಗನ ಹೆಸರು ಜೈಭೀಮ. ತಂದಿ ಹೆಸರು ಅವ್ವಣ್ಣ, ಗೌಂಡಿ. ಹುಟ್ಟಿದ್ದು ಹದಿನಾಕು ಏಪ್ರಿಲ್, ಹತ್ತೊಂಬತ್ತುನೂರಾ ತೊಂಬತ್ತೊಂಬತ್ತು. ಕೇಳಿಸ್ತೇನು?"

"ಕೇಳಿಸ್ತು," ಎಂದ ಅವ್ವಣ್ಣ. ಅವನ ಕಣ್ಣು ತುಂಬಿದ್ದವು. ಮಾನಮ್ಮ ಅವನ ಹೆಬ್ಬೆರಳು ಹಿಡಿದು ಕಾಗದದ ಮೇಲೆ ಒತ್ತಿಸಿದಳು.

ಹೊರಗೆ ಬಂದಾಗ ಹನ್ನೊಂದು ದಾಟಿತ್ತು. ಅರ್ಧ ದಿನದ ಕೂಲಿಯಾದರೂ ಸಿಗಲೆಂದು ಗಂಡಹೆಂಡತಿ ಮುಂದೆ ಮುಂದೆ ಓಡಿದರು. ಒಂದನೆಯ ತರಗತಿಯ ಕಿಟಕಿಯ ಸರಳು ಹಿಡಿದು ಜೈಭೀಮ ಕೂಗಿದ.

"ಅಕ್ಕಾ! ಬಾಯಿ ಹೇಳಿದರು, ನನ್ನ ಹುಟ್ಟುಹಬ್ಬಕ್ಕ ಸಾಲಿಗಿ ಸೂಟಿ ಅಂತ! ನಿಂದು ಯಾವಾಗ?"

"ನಂದಿನ್ನೂ ಎರಡು ವರುಷ ಅದ," ಎಂದಳು ಭಾಗ್ಯಾ. ತಲೆಗೆ ಸಿಂಬಿ ಸುತ್ತಿಕೊಂಡು ಸೈಟಿನ ದಾರಿ ಹಿಡಿದಳು.